ಹಸಿರು ಬರ: ನೀರಿಲ್ಲ ಅನ್ನೋದು ಗಿಡಕ್ಕೆ ಮೊದಲು ಎಲ್ಲಿ ಗೊತ್ತಾಗುತ್ತೆ?

ತುಂಗೆತೀರ

ನಮ್ಮದು ರಾಣೆಬೆನ್ನೂರು ಕಡೆ. 2023ರ ಆಗಸ್ಟಿನಲ್ಲಿ ಮಳೆ ಪೂರ್ತಿ ಕೈಕೊಟ್ಟಿತು. ಮೆಕ್ಕೆಜೋಳ ಆಳೆತ್ತರ ಬೆಳೆದು ಹಸಿರಾಗೇ ನಿಂತಿತ್ತು, ತೆನೆ ಸುಲಿದರೆ ದಿಂಡಿನ ಮೇಲೆ ಅಲ್ಲೊಂದು ಇಲ್ಲೊಂದು ಕಾಳು. ಬೆಳೆ ನೋಡೋಕೆ ಬಂದವರು ಬದುವಿನ ಮೇಲೇ ನಿಂತು "ಹಸಿರಾಗಿದೆಯಲ್ಲ" ಅಂದರು. ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾಯಿತು, "ಹಸಿರು ಬರ" ಅನ್ನೋ ಮಾತು ದಿನಾ ಪೇಪರಿನಲ್ಲಿ ಬರ್ತಿತ್ತು.

ಪರಿಹಾರದ ವಿಷಯ ಇಲ್ಲಿ ಬೇಡ, ಅದಕ್ಕೆ ಈ ವೇದಿಕೆಯಲ್ಲೇ ಬೇರೆ ಚರ್ಚೆ ಇದೆ. ನನಗೆ ಬೇಕಿರೋದು ಗಿಡದ ಒಳಗಿನ ವಿಷಯ. ನರ ಇಲ್ಲ, ಮಿದುಳಿಲ್ಲ. ನೆಲ ಒಣಗ್ತಿದೆ ಅಂತ ಮೊದಲು ಗೊತ್ತಾಗೋದು ಬೇರಿಗಾ, ಎಲೆಗಾ? ಗೊತ್ತಾದ ಮೇಲೆ ಗಿಡ ಎಲೆ ಉಳಿಸಿಕೊಂಡು ಕಾಳನ್ನ ಯಾಕೆ ಬಿಟ್ಟುಕೊಡ್ತು? ಗೊತ್ತಿರೋರು ದಯವಿಟ್ಟು ಬಿಡಿಸಿ ಹೇಳಿ. ಉದ್ದ ಆದರೂ ಪರವಾಗಿಲ್ಲ.

ಬಿತ್ತನೆ

ಬೆಳೆ ಶರೀರಕ್ರಿಯಾಶಾಸ್ತ್ರವೇ ನನ್ನ ಕೆಲಸ. ಎರಡನೇ ಪ್ರಶ್ನೆಯೇ ದೊಡ್ಡದು, ಆದರೆ ಮೊದಲನೆಯದು ಬಗೆಹರಿಯದೆ ಅದಕ್ಕೆ ಹೋಗೋಕಾಗಲ್ಲ.

ಬೇರು ಹೀರಿದ ನೀರಿನಲ್ಲಿ ಶೇ 95ಕ್ಕಿಂತ ಹೆಚ್ಚು ಎಲೆಯ ಪತ್ರರಂಧ್ರಗಳ ಮೂಲಕ ಆವಿಯಾಗಿ ಹೋಗುತ್ತೆ. ಇಂಗಾಲದ ಡೈಆಕ್ಸೈಡ್ ಒಳಗೆ ಬರಬೇಕಾದರೆ ರಂಧ್ರ ತೆರೆಯಲೇಬೇಕು, ತೆರೆದರೆ ನೀರು ಹೋಗಲೇಬೇಕು. ಹಾಗಾಗಿ ಬರದಲ್ಲಿ ಗಿಡ ಮಾಡುವ ಮೊದಲ ಕೆಲಸಗಳಲ್ಲಿ ಒಂದು ಈ ರಂಧ್ರ ಮುಚ್ಚೋದು. ಅದಕ್ಕೆ ಕಾರಣವಾಗುವ ಹಾರ್ಮೋನು ಅಬ್ಸಿಸಿಕ್ ಆಮ್ಲ, ನಾವೆಲ್ಲ ಎಬಿಎ ಅನ್ನುತ್ತೇವೆ. 1960ರ ದಶಕದ ಆರಂಭದಲ್ಲಿ ಇದನ್ನು ಕಂಡುಹಿಡಿದವರು ಬರದ ಹಿಂದೆ ಹೋಗಿರಲಿಲ್ಲ. ಅಮೆರಿಕದ ಅಡಿಕಾಟ್ ತಂಡ ಹತ್ತಿಯ ಕಾಯಿ ಯಾಕೆ ಉದುರುತ್ತೆ ಅಂತ ಹುಡುಕುತ್ತಿತ್ತು, ಬ್ರಿಟನ್ನಿನ ವೇರಿಂಗ್ ತಂಡ ಮರದ ಮೊಗ್ಗು ಯಾಕೆ ನಿದ್ದೆಗೆ ಜಾರುತ್ತೆ ಅಂತ ನೋಡುತ್ತಿತ್ತು. ಎರಡೂ ಕಡೆ ಸಿಕ್ಕಿದ್ದು ಒಂದೇ ವಸ್ತು.

1969ರಲ್ಲಿ ರೈಟ್ ಮತ್ತು ಹಿರಾನ್ ಗೋಧಿಯ ಎಲೆಯನ್ನು ಕತ್ತರಿಸಿ ಬಾಡಲು ಬಿಟ್ಟರು. ಎಲೆಯಲ್ಲಿ ಎಬಿಎ ಹಲವು ಪಟ್ಟು ಏರಿತು. ಅದು ಕತ್ತರಿಸಿದ ಎಲೆ, ಬೇರೇ ಇಲ್ಲ ಅನ್ನೋದನ್ನ ಗಮನಿಸಿ. ಎಲೆ ತನಗೆ ತಾನೇ ತಿಳಿದುಕೊಳ್ಳಬಲ್ಲದು ಅಂತಾಯಿತು.

1980ರ ದಶಕದಲ್ಲಿ ಗಾಳಿ ಬೇರಿನ ಕಡೆ ತಿರುಗಿತು. ಒಂದೇ ಗಿಡದ ಬೇರನ್ನು ಎರಡು ಪಾಲು ಮಾಡಿ ಎರಡು ಕುಂಡದಲ್ಲಿಟ್ಟು ಒಂದಕ್ಕೆ ಮಾತ್ರ ನೀರು ಕೊಟ್ಟರು. ಎಲೆಗೆ ನೀರಿನ ಕೊರತೆ ಇರಲಿಲ್ಲ, ಆದರೂ ರಂಧ್ರಗಳು ಅರ್ಧ ಮುಚ್ಚಿದವು. ಒಣಗಿದ ಪಾಲಿನ ಬೇರು ಮೇಲಕ್ಕೆ ಏನೋ ಸುದ್ದಿ ಕಳಿಸಿದೆ. ಬೇರು ಎಬಿಎ ಮಾಡಿ ನೀರು ಏರುವ ನಾಳ ಕ್ಸೈಲಂನಲ್ಲಿ ಕಳಿಸುತ್ತೆ ಅಂತ ಬಹಳ ವರ್ಷ ಪಾಠ ಹೇಳಿದರು.

ಆಮೇಲೆ ಟೊಮೆಟೊ ಕಸಿ ಬಂತು. ಎಬಿಎ ಸರಿಯಾಗಿ ಮಾಡಲಾಗದ ಗಿಡದ ಬೇರಿನ ಮೇಲೆ ಸಾಮಾನ್ಯ ಗಿಡದ ಚಿಗುರನ್ನು ಕಸಿ ಕಟ್ಟಿದರು. ಬೇರಿನಿಂದ ಎಬಿಎ ಬರುವ ಹಾಗೇ ಇಲ್ಲ, ಆದರೂ ನೆಲ ಒಣಗಿದಾಗ ರಂಧ್ರ ಮುಚ್ಚಿತು. ಅಂದರೆ ಸುದ್ದಿ ಬೇರಿನಿಂದ ಬಂದರೂ ಹಾರ್ಮೋನು ತಯಾರಾಗೋದು ಬಹುಪಾಲು ಎಲೆಯಲ್ಲೇ. 2018ರಲ್ಲಿ ಜಪಾನಿನ ರಿಕೆನ್ ಸಂಸ್ಥೆಯವರು ಆ ಸುದ್ದಿಗಾರರಲ್ಲಿ ಒಂದನ್ನು ಹಿಡಿದರು: ಸಿಎಲ್‌ಇ25 ಎಂಬ ಚಿಕ್ಕ ಪೆಪ್ಟೈಡ್, ಅಂದರೆ ಪ್ರೋಟೀನಿನ ತುಣುಕು. ನೆಲ ಒಣಗಿದಾಗ ಬೇರಿನಲ್ಲಿ ಹುಟ್ಟಿ, ಎಲೆಗೆ ಏರಿ, ಅಲ್ಲಿ ಬ್ಯಾಮ್ ಎಂಬ ಗ್ರಾಹಿಗಳಿಗೆ (ಸುದ್ದಿ ಗುರುತಿಸುವ ಪ್ರೋಟೀನುಗಳಿಗೆ) ಅಂಟಿ, ಎಬಿಎ ತಯಾರಿಸುವ ಎನ್‌ಸಿಇಡಿ3 ಜೀನನ್ನು ಎಬ್ಬಿಸುತ್ತೆ.

ಇದಕ್ಕಿಂತ ವೇಗದ ಸುದ್ದಿಯೂ ಇದೆ. ಬೇರಿನಿಂದ ಎಲೆಯವರೆಗೆ ನೀರು ಕಡಿಯದ ಎಳೆಯಾಗಿ ನಿಂತಿರುತ್ತೆ. ಕೆಳಗೆ ಎಳೆತ ಹೆಚ್ಚಾದರೆ ಮೇಲೆ ಎಲೆಯ ಕೋಶಗಳ ಬಿಗಿ ಕೂಡಲೇ ಇಳಿಯುತ್ತೆ. ಯಾವ ಅಣುವೂ ಪ್ರಯಾಣ ಮಾಡಬೇಕಿಲ್ಲ.

ಕೋಶಕೇಂದ್ರ

ಎಂಎಸ್ಸಿ ಜೈವಿಕ ತಂತ್ರಜ್ಞಾನ ವಿದ್ಯಾರ್ಥಿ. ಮೇಡಂ, ಒಂದು ಮೆಟ್ಟಿಲು ಕೆಳಗಿಳಿದು ಕೇಳ್ತೀನಿ. "ಬಿಗಿ ಇಳಿಯುತ್ತೆ" ಸರಿ, ಆ ಇಳಿತವನ್ನ ಹಿಡಿಯೋ ಅಣು ಯಾವುದು? ನಮಗೆ ಪಾಠದಲ್ಲಿ ಒಎಸ್‌ಸಿಎ1 ಅಂತ ಹೇಳಿದರು. 2014ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ಪ್ರಯೋಗಗಳಿಗೆ ಬಳಸೋ ಪುಟ್ಟ ಗಿಡ ಅರಬಿಡಾಪ್ಸಿಸ್‌ನಲ್ಲಿ ಕಂಡುಹಿಡಿದದ್ದು. ಕೋಶದ ಹೊರಗೆ ಲವಣ, ಸಕ್ಕರೆಯ ಸಾಂದ್ರತೆ ಹೆಚ್ಚಾದಾಗ ಪೊರೆಯ ಮೇಲಿನ ಈ ಬಾಗಿಲು ತೆರೆದು ಕ್ಯಾಲ್ಸಿಯಂ ಒಳಗೆ ನುಗ್ಗುತ್ತೆ. ಇದೇನಾ ಬರದ ಸಂವೇದಕ?

ಬಿತ್ತನೆ

ಸಂವೇದಕಗಳಲ್ಲಿ ಒಂದು. ಒಎಸ್‌ಸಿಎ1 ಕೆಟ್ಟ ಗಿಡದಲ್ಲಿ ಆ ಕ್ಯಾಲ್ಸಿಯಂ ಅಲೆ ಕುಗ್ಗುತ್ತೆ, ರಂಧ್ರ ಮುಚ್ಚುವ ಪ್ರತಿಕ್ರಿಯೆಯೂ ಕುಗ್ಗುತ್ತೆ. ಆದರೆ ಆ ಗಿಡಕ್ಕೆ ನೇರವಾಗಿ ಎಬಿಎ ಕೊಟ್ಟರೆ ರಂಧ್ರ ಮುಚ್ಚುತ್ತೆ. ಹಾಗಾಗಿ ಅದು ದಾರಿಯ ಮೇಲ್ತುದಿಯಲ್ಲಿದೆ ಅನ್ನಬಹುದು. ಕೋಶಪೊರೆಯ ಮೇಲೆ ಎಎಚ್‌ಕೆ1 ಅನ್ನೋ ಹಿಸ್ಟಿಡಿನ್ ಕೈನೇಸ್, ಅಂದರೆ ಫಾಸ್ಫೇಟ್ ಅಂಟಿಸಿ ಸುದ್ದಿ ದಾಟಿಸುವ ಕಿಣ್ವ, ಇದೆ, ಕೋಶದ ಗೋಡೆ ಮತ್ತು ಪೊರೆಯ ನಡುವಿನ ಎಳೆತವನ್ನು ಹಿಡಿಯುವವು ಬೇರೆ ಇವೆ. ಒಂದೇ ಒಂದು "ಬರದ ಸಂವೇದಕ" ಇದೆ ಅಂತ ನಂಬಿಕೊಂಡು ಹುಡುಕೋದನ್ನ ಬಿಡಬೇಕು ಅಂತ ನನ್ನ ಅಭಿಪ್ರಾಯ. ಗಿಡಕ್ಕೆ ನೀರು ಕಡಿಮೆಯಾಗೋದು ನಿಧಾನಕ್ಕೆ, ಹಲವು ಅಂಗದಲ್ಲಿ, ಹಲವು ರೂಪದಲ್ಲಿ.

ಎರೆಹೊಲದವ

ನಮಸ್ಕಾರ್ರಿ, ಇಂಡಿ ತಾಲೂಕಿನಿಂದ. ಮೇಡಮ್ಮಾರು ಹೇಳಿದ್ದು ಬೇಸ್ ಐತಿ. ಆದ್ರ ಎಬಿಎ ಬಂದ ಮ್ಯಾಗ ಆ ರಂಧ್ರ ಹೆಂಗ ಮುಚ್ಚತೈತಿ ಅನ್ನೂದು ತಿಳೀಲಿಲ್ರಿ. ಅಲ್ಲಿ ಸ್ನಾಯು ಇಲ್ಲ, ಎಂಥಾದೂ ಇಲ್ಲ. ನಮ್ಮಂಥವ್ರಿಗೆ ತಿಳಿಯೂ ಹಂಗ ಹೇಳ್ರಿ.

ಲ್ಯಾಬ್ ಮೇಷ್ಟ್ರು

ಇದನ್ನು ನಾನು ಹೇಳುತ್ತೇನೆ, ಪ್ರತಿವರ್ಷ ಪಿಯು ಮಕ್ಕಳಿಗೆ ತೋರಿಸುವ ಪಾಠವಿದು.

ಹೊಲದ ಬದುವಿನಲ್ಲಿ ಬೆಳೆಯುವ ಕನ್ನೆಸೊಪ್ಪಿನ ಎಲೆಯನ್ನು ಬೆಳಿಗ್ಗೆ ಬಿಸಿಲೇರಿದ ಮೇಲೆ ಕಿತ್ತು ತರಬೇಕು. ಎಲೆಯನ್ನು ಮಡಿಚಿ ಮುರಿದು ಎಳೆದರೆ ಕೆಳಗಿನ ಪೊರೆ ಗಾಜಿನಂತೆ ತೆಳ್ಳಗೆ ಬಿಚ್ಚಿಕೊಳ್ಳುತ್ತದೆ. ಅದನ್ನು ಸ್ವಲ್ಪ ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿದ ನೀರಿನಲ್ಲಿ ತೇಲಿಸಿ ಬೆಳಕಿನಲ್ಲಿಟ್ಟು ಸೂಕ್ಷ್ಮದರ್ಶಕದಡಿ ನೋಡಿದರೆ ಪ್ರತಿ ರಂಧ್ರದ ಎರಡು ಬದಿಗೂ ಹುರುಳಿಕಾಳಿನ ಆಕಾರದ ಎರಡು ಕಾವಲು ಕೋಶ ಕಾಣುತ್ತವೆ. ಒಳಗೆ ಹಸಿರು ಚುಕ್ಕೆಗಳು. ಎರಡೂ ನೀರು ಕುಡಿದು ಉಬ್ಬಿ ಹೊರಬಾಗಿರುತ್ತವೆ, ನಡುವೆ ಬಾಯಿ ಅಗಲವಾಗಿ ತೆರೆದಿರುತ್ತದೆ. ಒಳಗೋಡೆ ದಪ್ಪ, ಹೊರಗೋಡೆ ತೆಳು. ಗೋಡೆಯೊಳಗಿನ ಸೆಲ್ಯುಲೋಸ್ ಎಳೆಗಳು ಕೋಶವನ್ನು ಅಡ್ಡಡ್ಡ ಸುತ್ತಿರುತ್ತವೆ. ಅದಕ್ಕೇ ಉಬ್ಬಿದಾಗ ಕೋಶ ದಪ್ಪವಾಗುವುದಿಲ್ಲ, ಬಾಗುತ್ತದೆ.

ಈಗ ಆ ನೀರಿಗೆ ಎಬಿಎ ಹಾಕಿದರೆ ಕೆಲವೇ ನಿಮಿಷಗಳಲ್ಲಿ ಬಾಗು ಇಳಿಯತೊಡಗುತ್ತದೆ. ಕೋಶದೊಳಗಿನ ಕ್ಲೋರೈಡ್ ಮತ್ತು ಮ್ಯಾಲೇಟ್ ಮೊದಲು ಹೊರಗೆ ಹರಿಯುತ್ತವೆ, ಬೆನ್ನಿಗೆ ಪೊಟ್ಯಾಸಿಯಂ. ಲವಣ ಹೋದರೆ ನೀರೂ ಅದರ ಹಿಂದೆ ಹೋಗುತ್ತದೆ. ಕೋಶ ಸಡಿಲವಾಗಿ ನೆಟ್ಟಗಾಗುತ್ತದೆ, ಎರಡು ತುಟಿ ಸೇರಿ ಬಾಯಿ ಮುಚ್ಚುತ್ತದೆ. ಸ್ನಾಯು ಬೇಕಿಲ್ಲ, ಲವಣ ಮತ್ತು ನೀರು ಸಾಕು.

ಜೋಳ, ಮೆಕ್ಕೆಜೋಳ, ರಾಗಿಯಂಥ ಹುಲ್ಲಿನ ಜಾತಿಯಲ್ಲಿ ಕಾವಲು ಕೋಶದ ಆಕಾರ ಬೇರೆ: ನಡುವೆ ಸಣ್ಣ, ಎರಡು ತುದಿ ಗುಂಡು. ಪಕ್ಕದಲ್ಲಿ ಲವಣ ಕೊಟ್ಟು ತೆಗೆದುಕೊಳ್ಳುವ ಸಹಾಯಕ ಕೋಶಗಳೂ ಇರುತ್ತವೆ. ಅವು ತೆರೆಯುವುದೂ ಮುಚ್ಚುವುದೂ ಬಹಳ ಬೇಗ.

ಕೋಶಕೇಂದ್ರ

ಮೇಷ್ಟ್ರೇ, ಕ್ಲೋರೈಡ್ ಹೊರಗೆ ಬಿಡುವ ಆ ಬಾಗಿಲಿನ ಹೆಸರು ಸ್ಲ್ಯಾಕ್1. 2008ರಲ್ಲಿ ಎರಡು ತಂಡಗಳು ಒಂದೇ ಹೊತ್ತಿಗೆ ಪ್ರಕಟಿಸಿದವು.

ಬಿತ್ತನೆ

ಹೌದು. ಎಬಿಎ ಬಂದ ಸುದ್ದಿ ಸ್ಲ್ಯಾಕ್1ವರೆಗೆ ಹೇಗೆ ಮುಟ್ಟುತ್ತೆ ಅನ್ನೋದು ಸಸ್ಯವಿಜ್ಞಾನದಲ್ಲಿ ನನಗೆ ಅತ್ಯಂತ ಇಷ್ಟದ ಕಥೆ.

ಹಾರ್ಮೋನು ಸಿಕ್ಕು ನಲವತ್ತು ವರ್ಷ ದಾಟಿದರೂ ಅದನ್ನು ಗುರುತಿಸುವ ಗ್ರಾಹಿ ಸಿಕ್ಕಿರಲಿಲ್ಲ. 2006ರಲ್ಲಿ ಎಫ್‌ಸಿಎ ಎಂಬ ಪ್ರೋಟೀನೇ ಗ್ರಾಹಿ ಅಂತ ದೊಡ್ಡ ಪತ್ರಿಕೆಯಲ್ಲಿ ಬಂತು, 2008ರಲ್ಲಿ ಆ ಪ್ರಬಂಧವನ್ನೇ ಹಿಂತೆಗೆದುಕೊಂಡರು. 2007ರಲ್ಲಿ ಇನ್ನೊಂದು ಬಂತು, ಬೇರೆಯವರು ಪರೀಕ್ಷಿಸಿದಾಗ ಅದೂ ನಿಲ್ಲಲಿಲ್ಲ. ಹಾಗಾಗಿ 2009ರಲ್ಲಿ ಕ್ಯಾಲಿಫೋರ್ನಿಯಾದ ಶಾನ್ ಕಟ್ಲರ್ ತಂಡ ಮತ್ತು ಜರ್ಮನಿಯ ಎರ್ವಿನ್ ಗ್ರಿಲ್ ತಂಡ ಬೇರೆ ಬೇರೆ ದಾರಿಯಲ್ಲಿ ಒಂದೇ ಪ್ರೋಟೀನ್ ಕುಟುಂಬಕ್ಕೆ ಬಂದು ನಿಂತಾಗಲೂ ಜನ ಅನುಮಾನದಿಂದಲೇ ಓದಿದರು. ಈ ಸಲ ನಿಂತಿತು. ಅರಬಿಡಾಪ್ಸಿಸ್‌ನಲ್ಲಿ ಆ ಕುಟುಂಬದ 14 ಸದಸ್ಯರಿವೆ. ಅಷ್ಟು ಜನ ಒಂದೇ ಕೆಲಸ ಮಾಡುತ್ತಿದ್ದರಿಂದಲೇ ಒಂದನ್ನು ಕೆಡಿಸಿದರೆ ಗಿಡದಲ್ಲಿ ವ್ಯತ್ಯಾಸ ಕಾಣುತ್ತಿರಲಿಲ್ಲ, ಅಷ್ಟು ವರ್ಷ ಸಿಗದಿದ್ದಕ್ಕೆ ಅದೇ ಕಾರಣ.

ಎರೆಹೊಲದಣ್ಣ, ನಿಮ್ಮ ಪಂಪ್‌ಸೆಟ್ಟಿನ ಸ್ಟಾರ್ಟರ್ ನೆನಪಿಸಿಕೊಳ್ಳಿ. ಕೆಂಪು ಗುಂಡಿಯನ್ನು ಯಾರೋ ಒತ್ತಿ ಹಿಡಿದೇ ನಿಂತಿದ್ದಾರೆ, ಕರೆಂಟ್ ಇದ್ದರೂ ಮೋಟರ್ ಓಡಲ್ಲ. ಗಿಡದಲ್ಲಿ ಆ ಮೋಟರ್ ಸ್ನಾರ್ಕ್2 ಎಂಬ ಕೈನೇಸ್, ಗುಂಡಿ ಒತ್ತಿ ಹಿಡಿದ ಕೈ ಪಿಪಿ2ಸಿ ಎಂಬ ಫಾಸ್ಫಟೇಸ್, ಅಂದರೆ ಫಾಸ್ಫೇಟ್ ಕಿತ್ತುಹಾಕುವ ಕಿಣ್ವ. ನೀರು ಸಾಕಷ್ಟಿದ್ದಾಗ ಇದೇ ಸ್ಥಿತಿ. ಎಬಿಎ ಬಂದು ಗ್ರಾಹಿಯ ಗುಳಿಯಲ್ಲಿ ಕೂತರೆ ಗ್ರಾಹಿಯ ಒಂದು ಮಡಿಕೆ ಅದರ ಮೇಲೆ ಮುಚ್ಚಿಕೊಳ್ಳುತ್ತೆ. ಮುಚ್ಚಿಕೊಂಡ ಆ ಮುಖಕ್ಕೆ ಪಿಪಿ2ಸಿ ಬಂದು ಕಚ್ಚಿಕೊಳ್ಳುತ್ತೆ, ಗುಂಡಿ ಬಿಡುತ್ತೆ. ಸ್ನಾರ್ಕ್2 ಚುರುಕಾಗಿ ಸ್ಲ್ಯಾಕ್1ಗೆ ಫಾಸ್ಫೇಟ್ ಅಂಟಿಸುತ್ತೆ, ಬಾಗಿಲು ತೆರೆಯುತ್ತೆ, ಮೇಷ್ಟ್ರು ಹೇಳಿದ ಹಾಗೆ ಕ್ಲೋರೈಡ್ ಹೊರಗೆ ಹರಿಯುತ್ತೆ. ಮೊದಲಿಗೆ ಸ್ನಾರ್ಕ್2ಗೆ ಚಾಲನೆ ಕೊಡೋದು ರ‍್ಯಾಫ್ ಎಂಬ ಇನ್ನೊಂದು ಕೈನೇಸ್ ಗುಂಪು ಅಂತ 2020ರ ಸುಮಾರಿಗೆ ಗೊತ್ತಾಯಿತು.

ಅದೇ ಸ್ನಾರ್ಕ್2 ಕೋಶಕೇಂದ್ರದಲ್ಲೂ ಕೆಲಸ ಮಾಡುತ್ತೆ. ಅಲ್ಲಿ ನೂರಾರು ಜೀನುಗಳು ಏಳುತ್ತವೆ. ಒಣಗಿದಾಗ ಪ್ರೋಟೀನ್ ಮುದ್ದೆಗಟ್ಟದಂತೆ ಕಾಯುವ ಎಲ್‌ಇಎ ಪ್ರೋಟೀನುಗಳು, ಕೋಶದಲ್ಲಿ ನೀರು ಹಿಡಿದಿಡುವ ಪ್ರೋಲಿನ್, ಹೀಗೆ. ರಂಧ್ರ ಮುಚ್ಚೋದು ನಿಮಿಷಗಳ ಕೆಲಸ, ಇದು ಗಂಟೆಗಳ, ದಿನಗಳ ಕೆಲಸ.

ಎರೆಹೊಲದವ

ಸ್ಟಾರ್ಟರ್ ಅಂದ ಕೂಡ್ಲೆ ತಿಳೀತ್ರಿ 🙏

ತುಂಗೆತೀರ

ಇಲ್ಲಿವರೆಗೆ ಅರ್ಥವಾಯಿತು. ಈಗ ಕಾಳಿನ ವಿಷಯ ಹೇಳಿ ಮೇಡಂ.

ಬಿತ್ತನೆ

ರಂಧ್ರ ಮುಚ್ಚಿದರೆ ನೀರು ಉಳಿಯುತ್ತೆ, ಇಂಗಾಲ ಬರೋದೂ ನಿಲ್ಲುತ್ತೆ. ಮೆಕ್ಕೆಜೋಳ ಈ ವಿಷಯದಲ್ಲಿ ಬಹಳ ಎಚ್ಚರಿಕೆಯ ಗಿಡ. ಮಣ್ಣು ಸ್ವಲ್ಪ ಒಣಗಿದರೂ ಬೇಗ ರಂಧ್ರ ಮುಚ್ಚಿ ಎಲೆಯ ನೀರಿನ ಮಟ್ಟ ಹೆಚ್ಚು ಇಳಿಯದಂತೆ ನೋಡಿಕೊಳ್ಳುತ್ತೆ. ಸೂರ್ಯಕಾಂತಿ ಹಾಗಲ್ಲ, ಎಲೆಯ ನೀರು ಇಳಿದರೂ ರಂಧ್ರ ತೆರೆದಿಟ್ಟು ದುಡಿಯುತ್ತೆ. ನಿಮ್ಮ ಹೊಲ ಹಸಿರಾಗಿ ನಿಂತಿದ್ದಕ್ಕೆ ಮೆಕ್ಕೆಜೋಳದ ಈ ಸ್ವಭಾವ ಒಂದು ಕಾರಣ.

ಆದರೆ ಹೂ ಬಿಡುವ ಹೊತ್ತಿಗೆ ಬರ ಬಿದ್ದರೆ ಲೆಕ್ಕ ತಪ್ಪುತ್ತೆ. ಮೆಕ್ಕೆಜೋಳದಲ್ಲಿ ಗಂಡು ಹೂ ಮೇಲೆ, ಹೆಣ್ಣು ಹೂ ಕಂಕುಳಲ್ಲಿ. ತೆನೆಯಿಂದ ಹೊರಬರುವ ಕೂದಲಿನ ಒಂದೊಂದು ಎಳೆಯೂ ಒಂದೊಂದು ಕಾಳಿಗೆ ಸೇರಿದ್ದು. ಆ ಎಳೆ ಉದ್ದವಾಗೋದು ಕೋಶಗಳು ನೀರಿನ ಬಿಗಿಯಿಂದ ಹಿಗ್ಗಿದಾಗ. ಗಿಡದಲ್ಲಿ ನೀರಿನ ಕೊರತೆಗೆ ಮೊದಲು ನಿಲ್ಲೋದು ಇಂಥ ಹಿಗ್ಗುವಿಕೆ, ಎಲೆ ಬಾಡೋದಕ್ಕಿಂತ ಎಷ್ಟೋ ಮೊದಲು. ಗಂಡು ಹೂ ಮಾತ್ರ ಹೆಚ್ಚುಕಡಿಮೆ ತನ್ನ ಸಮಯಕ್ಕೇ ಪರಾಗ ಉದುರಿಸುತ್ತೆ. ಕೂದಲು ಹೊರಗೆ ಬರುವ ಹೊತ್ತಿಗೆ ಪರಾಗ ಮುಗಿದಿರುತ್ತೆ. ಎಲೆ ಹಸಿರು, ದಿಂಡು ಖಾಲಿ.

ಸರಿಯಾದ ಸಮಯಕ್ಕೆ ಪರಾಗ ಸಿಕ್ಕ ಕಾಳೂ ಎಲ್ಲವೂ ಉಳಿಯಲ್ಲ. ಎಳೆ ಅಂಡಾಶಯಕ್ಕೆ ಸಕ್ಕರೆ ದಿನದಿನವೂ ಬರ್ತಾ ಇರಬೇಕು. ರಂಧ್ರ ಮುಚ್ಚಿ ದ್ಯುತಿಸಂಶ್ಲೇಷಣೆ ಕುಸಿದರೆ ಸಕ್ಕರೆ ಬರೋದು ನಿಲ್ಲುತ್ತೆ, ಬಂದ ಸಕ್ಕರೆಯನ್ನು ಒಡೆದು ಒಳಗೆ ತಗೊಳ್ಳುವ ಇನ್ವರ್ಟೇಸ್ ಕಿಣ್ವವೂ ಇಳಿಯುತ್ತೆ. 1991ರಲ್ಲಿ ಜಾನ್ ಬೋಯರ್ ತಂಡದವರು ಅಮೆರಿಕದಲ್ಲಿ ಒಂದು ಪ್ರಯೋಗ ಮಾಡಿದರು. ಹೂ ಬಿಡುವ ಹೊತ್ತಿಗೆ ನೀರು ನಿಲ್ಲಿಸಿದ ಮೆಕ್ಕೆಜೋಳದ ದಂಟಿಗೆ ಸಕ್ಕರೆ ಮತ್ತು ಪೋಷಕಾಂಶ ಬೆರೆಸಿದ ದ್ರವ ಹರಿಸಿದರು. ಗಿಡದ ನೀರಿನ ಕೊರತೆ ಹಾಗೇ ಇತ್ತು, ಆದರೂ ಕಾಳು ಕಟ್ಟಿತು. ಅಂದರೆ ಅಷ್ಟು ಬರದಲ್ಲಿ ಕಾಳು ಸತ್ತದ್ದು ಬಾಯಾರಿಕೆಗಿಂತ ಹೆಚ್ಚಾಗಿ ಹಸಿವಿನಿಂದ.

ಗಿಡ ಎಲೆ ಉಳಿಸಿಕೊಂಡಿದ್ದು ಯಾಕೆ ಅಂತ ಕೇಳಿದ್ದಿರಿ. ಕಾಡಿನ ಗಿಡಕ್ಕೆ ಬದುಕಿ ನಾಲ್ಕು ಬೀಜ ಬಿಟ್ಟರೂ ಗೆಲುವೇ. ಇಂದಿನ ಬೆಳೆಗಳ ಎಬಿಎ ವ್ಯವಸ್ಥೆ ಅವು ಕಾಡಿನ ಗಿಡಗಳಾಗಿದ್ದ ಕಾಲದ ಲೆಕ್ಕಕ್ಕೇ ಕಟ್ಟಿದ್ದು. ತೆನೆ ತುಂಬ ಕಾಳು ಬೇಕು ಅನ್ನೋದು ನಮ್ಮ ಲೆಕ್ಕ.

ಇದನ್ನು ಮೆಕ್ಸಿಕೊದ ಸಿಮ್ಮಿಟ್ ಸಂಸ್ಥೆಯವರು ತಳಿ ಆಯ್ಕೆಗೆ ಬಳಸಿದರು. ಬೇಕಂತಲೇ ಹೂವಿನ ಹೊತ್ತಿಗೆ ನೀರು ನಿಲ್ಲಿಸಿ, ಗಂಡು ಹೂ ಮತ್ತು ಕೂದಲಿನ ನಡುವಿನ ಅಂತರ ಕಡಿಮೆ ಇರುವ ಗಿಡಗಳನ್ನೇ ತಲೆಮಾರಿನಿಂದ ತಲೆಮಾರಿಗೆ ಆರಿಸಿದರು. ಬರದಲ್ಲಿ ಇಳುವರಿ ನಿಜವಾಗಿ ಏರಿತು. ಯಾವ ಜೀನು ಅಂತ ಅವರಿಗೆ ಆಗ ಗೊತ್ತಿರಬೇಕಾಗಿಯೂ ಇರಲಿಲ್ಲ.

ತುಂಗೆತೀರ

ಆಗಸ್ಟಿನಲ್ಲಿ ನಮ್ಮ ಹೊಲದಲ್ಲಿ ಸರಿಯಾಗಿ ಇದೇ ಆಯಿತು. ಹಾಗಾದರೆ ಬಣ್ಣ ನೋಡಿ ಬರ ಅಳೆಯೋದೇ ತಪ್ಪಲ್ವಾ? ಬೇರೆ ಏನು ಅಳೀಬೇಕು?

ಬಿತ್ತನೆ

ಎಲೆಯ ತಾಪ. ನೀರು ಆವಿಯಾಗುವಾಗ ಎಲೆ ತಣ್ಣಗಿರುತ್ತೆ, ರಂಧ್ರ ಮುಚ್ಚಿದರೆ ಮಧ್ಯಾಹ್ನ ಹಲವು ಡಿಗ್ರಿ ಬಿಸಿಯಾಗುತ್ತೆ. 1981ರಲ್ಲೇ ಅಮೆರಿಕದ ಅರಿಜೋನಾದಲ್ಲಿ ಇಡ್ಸೊ ಮತ್ತು ಜಾಕ್ಸನ್ ಇದರಿಂದ ಬೆಳೆಯ ನೀರಿನ ಒತ್ತಡದ ಸೂಚ್ಯಂಕ ಮಾಡಿದ್ದಾರೆ. ಕೈಯಲ್ಲಿ ಹಿಡಿಯುವ ಅತಿಗೆಂಪು ಥರ್ಮಾಮೀಟರಿನಲ್ಲೂ ಆಗುತ್ತೆ, ಉಪಗ್ರಹದಿಂದಲೂ ಆಗುತ್ತೆ. ಉಪಗ್ರಹದ ಹಸಿರಿನ ಸೂಚ್ಯಂಕ ಮಾತ್ರ ನೋಡಿದರೆ ಎಲೆ ಹಳದಿಯಾಗುವವರೆಗೆ ಏನೂ ಗೊತ್ತಾಗಲ್ಲ, ಅಷ್ಟರಲ್ಲಿ ಹೂವಿನ ಸಮಯ ಮುಗಿದಿರುತ್ತೆ. ಬೆಳೆ ನಷ್ಟದ ಅಂದಾಜಿಗೆ ಹೂವಿನ ವಾರಗಳ ಮಧ್ಯಾಹ್ನದ ತಾಪವನ್ನೂ ಸೇರಿಸಬೇಕು ಅಂತ ನಾನು ಗಟ್ಟಿಯಾಗಿ ಹೇಳ್ತೀನಿ.

ದೂರದೂರು

ನೀರಿಲ್ಲದ ಗಿಡ ಕೂಗುತ್ತೆ ಅಂತ ಒಂದು ವಿಡಿಯೊ ಓಡಾಡ್ತಿದೆ. ನಿಜಾನಾ?

ಲ್ಯಾಬ್ ಮೇಷ್ಟ್ರು

2023ರಲ್ಲಿ ಇಸ್ರೇಲಿನ ಟೆಲ್ ಅವೀವ್ ವಿಶ್ವವಿದ್ಯಾಲಯದವರು ಟೊಮೆಟೊ ಮತ್ತು ತಂಬಾಕು ಗಿಡಗಳಿಂದ ಶ್ರವಣಾತೀತ ಟಿಕ್ ಟಿಕ್ ದಾಖಲಿಸಿದ್ದು ನಿಜ. ಒಣಗುತ್ತಿರುವ ಗಿಡದಲ್ಲಿ ಗಂಟೆಗೆ ಹತ್ತಾರು, ನೀರು ಸಾಕಷ್ಟಿದ್ದಾಗ ಬಹಳ ಕಡಿಮೆ. ಕ್ಸೈಲಂನ ನೀರಿನ ಎಳೆ ಕಡಿದು ಗಾಳಿಗುಳ್ಳೆ ಮೂಡುವಾಗಿನ ಸದ್ದು ಇರಬೇಕು ಅಂತ ಅವರ ಅಂದಾಜು. ಕೂಗು ಅನ್ನುವುದು ವಿಡಿಯೊದವರ ಮಾತು.

ಹೊಸದುರ್ಗ ಸಿರಿ

ನಮ್ಮದು ರಾಗಿ. ಬಿತ್ತೋ ಮುಂಚೆ ಬೀಜ ಆರು ಗಂಟೆ ನೆನೆಸಿ, ಒದ್ದೆ ಬಟ್ಟೇಲಿ ಬಿಗಿಯಾಗಿ ಕಟ್ಟಿಟ್ಟು, ಮೊಳಕೆ ಮೂಡೋ ಸೂಚನೆ ಕಂಡ ಕೂಡಲೇ ನೆರಳಲ್ಲಿ ಒಣಗಿಸಿ ಬಿತ್ತುತೀವಿ. ಹಂಗೆ ಬಿತ್ತಿದ ರಾಗಿ ನಡುವೆ ಮಳೆ ಹೋದರೂ ತಡ್ಕೊಳ್ಳುತ್ತೆ. ಅಕ್ಕ, ಇದು ಗಿಡಕ್ಕೆ ಬರ "ನೆನಪಿರೋದು" ಅಂತಾರಲ್ಲ, ಅದೇನಾ?

ತುಂಗೆತೀರ

ನಮ್ಮ ಹಾವೇರಿ ಕಡೆ ಗುಳಿ ರಾಗಿಯಲ್ಲಿ ಎಳೆ ಪೈರಿನ ಮೇಲೆ ಕೊರಡು ಎಳೀತಾರೆ. ಪೈರು ಬಗ್ಗಿ ಮತ್ತೆ ಎದ್ದು ತೆಂಡೆ ಒಡೆಯುತ್ತೆ. ಅದೂ ಇದೇ ಲೆಕ್ಕವಾ?

ಬಿತ್ತನೆ

ಎರಡೂ ಬೇರೆ ಬೇರೆ. ಕೊರಡಿನದು ಪೆಟ್ಟಿನ ಪರಿಣಾಮ: ತುದಿಯ ಬೆಳವಣಿಗೆಗೆ ತಡೆ ಬಿದ್ದಾಗ ಬುಡದ ಮೊಗ್ಗು ಏಳುತ್ತೆ, ಬೇರೂ ಹೆಚ್ಚುತ್ತೆ. ಬೇರು ಹೆಚ್ಚಾದರೆ ಬರಕ್ಕೂ ಒಳ್ಳೆಯದು, ಆದರೆ ದಾರಿ ಬೇರೆ.

ಬೀಜ ನೆನೆಸಿ ಒಣಗಿಸೋದು ನಮ್ಮ ವಿಷಯಕ್ಕೆ ಹತ್ತಿರ. ಬೀಜ ಅಂದರೇನೇ ಒಣಗಿಯೂ ಬದುಕಿರುವ ಗಿಡ. ತೆನೆಯಲ್ಲಿ ಬೀಜ ಬಲಿಯುವಾಗ ಎಬಿಎ ಏರಿ ಎಲ್‌ಇಎ ಪ್ರೋಟೀನುಗಳು ತುಂಬಿಕೊಳ್ಳುತ್ತವೆ. ಆ ಪ್ರೋಟೀನು ಮೊದಲು ಸಿಕ್ಕಿದ್ದೂ ಹತ್ತಿ ಬೀಜದಲ್ಲೇ. ಎಬಿಎ ಮಾಡಲಾಗದ ಮೆಕ್ಕೆಜೋಳದ ತಳಿಗಳಲ್ಲಿ ಕಾಳು ಒಣಗದೆ ತೆನೆಯ ಮೇಲೇ ಮೊಳೆಯುತ್ತೆ. ಎಬಿಎ ತಯಾರಿಕೆಯ ಮುಖ್ಯ ಜೀನು 1997ರಲ್ಲಿ ಸಿಕ್ಕಿದ್ದು ಅಂಥ ಒಂದು ತಳಿಯಿಂದ. ಅಂದರೆ ಬರ ಬಿದ್ದಾಗ ಎಲೆ ಏನು ಮಾಡುತ್ತೋ ಅದನ್ನು ಬೀಜ ಮೊದಲೇ ಕಲಿತಿರುತ್ತೆ. ನೆನೆಸಿ ಒಣಗಿಸಿದಾಗ ಮೊಳಕೆಯ ಮೊದಲ ಹಂತದ ಕೆಲಸಗಳು ಮುಗಿದಿರುತ್ತವೆ, ಒಣಗುವಿಕೆಯ ಪ್ರೋಟೀನುಗಳೂ ಇನ್ನೂ ಕೈಗೆ ಸಿಗುವ ಹಾಗಿರುತ್ತವೆ. ಬಿತ್ತಿದ ಮೇಲೆ ಬೇಗ, ಒಟ್ಟಿಗೆ ಹುಟ್ಟಿ ಬೇರು ಬೇಗ ಇಳಿಯುತ್ತೆ. ಲಾಭದ ದೊಡ್ಡ ಪಾಲು ಇದೇ ಅಂತ ನನಗನ್ನಿಸುತ್ತೆ.

ನೆನಪು ಅನ್ನೋದು ಇನ್ನೊಂದು. 2012ರಲ್ಲಿ ಅಮೆರಿಕದ ನೆಬ್ರಾಸ್ಕದವರು ಅರಬಿಡಾಪ್ಸಿಸ್ ಗಿಡವನ್ನು ಒಣಗಿಸಿ, ನೀರು ಕೊಟ್ಟು, ಮತ್ತೆ ಒಣಗಿಸಿದರು. ಎರಡನೇ ಸಲ ಕೆಲವು ಜೀನುಗಳು ಮೊದಲಿಗಿಂತ ಹೆಚ್ಚು ಚುರುಕಾಗಿ ಎದ್ದವು. ಡಿಎನ್ಎ ಸುತ್ತಿಕೊಂಡಿರುವ ಹಿಸ್ಟೋನ್ ಪ್ರೋಟೀನಿನ ಮೇಲೆ ಮೊದಲ ಸಲದ ಗುರುತು ಹಾಗೇ ಉಳಿದಿತ್ತು. ಆದರೆ ಅದು ಕೆಲವೇ ದಿನ ಉಳಿಯುವ ಗುರುತು, ಬೀಜದಿಂದ ಕಟಾವಿನವರೆಗೆ ಎಳೆಯೋಕಾಗಲ್ಲ.

ರಾಗಿಗೆ ಇದರಾಚೆಗೂ ಗುಣಗಳಿವೆ. ಸಿ4 ಎಂಬ ಬಗೆಯ ದ್ಯುತಿಸಂಶ್ಲೇಷಣೆಯ ಬೆಳೆ, ಹಾಗಾಗಿ ರಂಧ್ರ ಸ್ವಲ್ಪವೇ ತೆರೆದಿದ್ದರೂ ಇಂಗಾಲ ಹಿಡಿಯಬಲ್ಲದು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರ ಮುಂದಾಳತ್ವದಲ್ಲಿ 2017ರಲ್ಲಿ ಎಂಎಲ್-365 ತಳಿಯ ಜೀನೋಮ್ ಓದಿ ಪ್ರಕಟಿಸಿದ್ದಾರೆ. ಬರಕ್ಕೆ ಸಂಬಂಧಿಸಿದ ಜೀನುಗಳ ದೊಡ್ಡ ಪಟ್ಟಿಯೇ ಅದರಲ್ಲಿದೆ.

ಕೋಶಕೇಂದ್ರ

ಪಟ್ಟಿ ಇದೆ, ಜೀನ್ ತಿದ್ದುವ ತಂತ್ರ ಇದೆ. ಹಾಗಾದರೆ ಆ ಜೀನು ಹಾಕಿ ಬರ ತಡೆಯೋ ತಳಿ ಯಾಕೆ ಎಲ್ಲ ಕಡೆ ಬಂದಿಲ್ಲ? ಇಷ್ಟೆಲ್ಲ ಗೊತ್ತಿದ್ದೂ ತಳಿ ಆಯ್ಕೆಯನ್ನೇ ನೆಚ್ಚಿಕೊಳ್ಳೋದು ನನಗೆ ಸರಿ ಕಾಣಲ್ಲ ಮೇಡಂ.

ಬಿತ್ತನೆ

ನಿಮ್ಮ ಅವಸರ ಅರ್ಥವಾಗುತ್ತೆ. 1990ರ ದಶಕದ ಕೊನೆಯಲ್ಲಿ ಜಪಾನಿನವರು ಡಿಆರ್‌ಇಬಿ1ಎ ಎಂಬ, ಒತ್ತಡದ ಜೀನುಗಳನ್ನು ಎಬ್ಬಿಸುವ ಜೀನನ್ನು ಸದಾ ಎಚ್ಚರವಾಗಿರುವಂತೆ ಹಾಕಿದರು. ಗಿಡ ಬರ, ಚಳಿ, ಉಪ್ಪು ಎಲ್ಲ ತಡೆಯಿತು, ಆದರೆ ಕುಳ್ಳಾಯಿತು. ನೀರಿದ್ದಾಗಲೂ ಬರದ ಬೆಲೆ ಕಟ್ಟುತ್ತಿತ್ತು. ಆಮೇಲೆ ಒತ್ತಡ ಬಂದಾಗ ಮಾತ್ರ ಏಳುವ ಸ್ವಿಚ್ ಜೋಡಿಸಿದರು, ಬೆಳವಣಿಗೆ ಸುಧಾರಿಸಿತು. ಕುಂಡದಲ್ಲಿ ನೀರು ನಿಲ್ಲಿಸಿ "ಯಾವ ಗಿಡ ಬದುಕಿತು" ಅಂತ ನೋಡೋ ಪ್ರಯೋಗಗಳು ನೂರಾರಿವೆ. ತುಂಗೆತೀರ ಅವರ ಹೊಲವೂ ಬದುಕಿತ್ತಲ್ಲ?

ರೈತರವರೆಗೆ ಬಂದವೂ ಇವೆ. ಬ್ಯಾಕ್ಟೀರಿಯಾದ ಸಿಎಸ್‌ಪಿಬಿ ಜೀನಿನ ಮೆಕ್ಕೆಜೋಳ ಅಮೆರಿಕದಲ್ಲಿ 2013ರಿಂದ ಇದೆ. ಸೂರ್ಯಕಾಂತಿಯ ಜೀನಿನ ಎಚ್‌ಬಿ4 ಗೋಧಿಗೆ ಅರ್ಜೆಂಟೀನಾ 2020ರಲ್ಲಿ ಒಪ್ಪಿಗೆ ಕೊಟ್ಟಿತು. ಎಚ್‌ಬಿ4 ನನಗೆ ಕುತೂಹಲದ್ದು, ಯಾಕೆಂದರೆ ಅದು ರಂಧ್ರ ಮುಚ್ಚಿ ನೀರು ಉಳಿಸುವ ದಾರಿ ಹಿಡಿಯಲ್ಲ. ಎಥಿಲೀನ್ ಎಂಬ ಮುಪ್ಪು ತರುವ ಹಾರ್ಮೋನಿನ ಸುದ್ದಿಗೆ ಗಿಡ ಅಷ್ಟಾಗಿ ಕಿವಿಗೊಡದಂತೆ ಮಾಡಿ ಎಲೆಗೆ ಬೇಗ ಮುಪ್ಪು ಬರೋದನ್ನ ತಡೆಯುತ್ತೆ. ನಮ್ಮಲ್ಲಿ 2025ರ ಮೇ ತಿಂಗಳಲ್ಲಿ ಜೀನ್ ತಿದ್ದಿದ ಪೂಸಾ ಡಿಎಸ್‌ಟಿ ರೈಸ್ 1 ಪ್ರಕಟವಾಯಿತು, ಮೂಲ ತಳಿ ಎಂಟಿಯು 1010. ಡಿಎಸ್‌ಟಿ ಜೀನು ಕೆಟ್ಟರೆ ಎಲೆಯಲ್ಲಿ ರಂಧ್ರಗಳು ಕಡಿಮೆಯಾಗುತ್ತವೆ, ಇರುವವು ಬೇಗ ಮುಚ್ಚುತ್ತವೆ ಅಂತ 2009ರಲ್ಲೇ ಚೀನಾದವರು ತೋರಿಸಿದ್ದರು. ಉಪ್ಪು, ಚೌಳು ನೆಲದಲ್ಲಿ ಇದರಿಂದ ಲಾಭ ಇರಬಹುದು. ಆದರೆ ಇಂಥ ತಳಿಗೆ ನಾನು ಕೇಳುವ ಪ್ರಶ್ನೆ ಒಂದೇ: ಹೂ ಬಿಡುವ ಹೊತ್ತಿಗೆ ಮಳೆ ಹೋದ ಹೊಲದಲ್ಲಿ, ಹಲವು ಊರು, ಹಲವು ವರ್ಷ, ಕಾಳಿನ ತೂಕ ಎಷ್ಟು ಬಂತು?

ಎರೆಹೊಲದವ

ಮೇಡಮ್ಮಾರ, ಹಂಗಾದ್ರ ನಮ್ಮ ಹಿಂಗಾರಿ ಜ್ವಾಳ ಹೆಂಗ ಬರತೈತ್ರಿ? ಬಿತ್ತಿದ ಮ್ಯಾಗ ಹನಿ ಮಳಿ ಬೀಳದಿದ್ರೂ ಮಾಲದಂಡಿ ತೆನಿ ತುಂಬತೈತಿ. ನೆಲದಾಗ ಇದ್ದ ಹಸಿ ಮ್ಯಾಲ ಅಷ್ಟ ಬದುಕತೈತಿ.

ಬಿತ್ತನೆ

ಕೋಶಕೇಂದ್ರ ಅವರ ಪ್ರಶ್ನೆಗೂ ನಿಮ್ಮ ಹೊಲದಲ್ಲೇ ಉತ್ತರ ಇದೆ. ನಿಮಗೆ ಬರ ಬರೋದು ಗೊತ್ತೇ ಇದೆ, ಪ್ರತಿವರ್ಷ, ಕಾಳು ತುಂಬುವ ಹೊತ್ತಿಗೆ. ಎರೆ ಮಣ್ಣಿನಲ್ಲಿ ಕೂಡಿಟ್ಟ ಹಸಿ ಇಷ್ಟೇ ಅಂತ ಲೆಕ್ಕ. ಅಲ್ಲಿ ಗೆಲ್ಲೋದು ಆ ಹಸಿಯನ್ನ ಮೊದಲೇ ಕುಡಿದು ಮುಗಿಸದ ಗಿಡ.

ಜೋಳದಲ್ಲಿ ಕೊನೆವರೆಗೆ ಹಸಿರಾಗಿ ನಿಲ್ಲುವ ಗುಣದ ಮೇಲೆ ಆಸ್ಟ್ರೇಲಿಯಾದಲ್ಲಿ ಬಹಳ ಕೆಲಸವಾಗಿದೆ, ಮೂಲ ಇಥಿಯೋಪಿಯಾದ ಜೋಳ. ಮೊದಲು ಎಲ್ಲರೂ ಆ ಎಲೆಯಲ್ಲಿ ಏನೋ ವಿಶೇಷ ಇದೆ ಅಂದುಕೊಂಡಿದ್ದರು. ಆಮೇಲೆ ನೋಡಿದರೆ ಆ ಜೀನುಗಳಿರುವ ಗಿಡದಲ್ಲಿ ತೆಂಡೆ ಕಡಿಮೆ, ಮೇಲಿನ ಎಲೆ ಚಿಕ್ಕದು. ಹೂ ಬಿಡುವ ಮುಂಚೆ ನೀರು ಕಡಿಮೆ ಖರ್ಚಾಗಿ ಕಾಳು ತುಂಬುವಾಗ ನೆಲದಲ್ಲಿ ಉಳಿದಿರುತ್ತೆ. ಎಲೆಯ ಹಸಿರು ಅದರ ಫಲ. ಜೊತೆಗೆ ಜೋಳದ ಬೇರು ಆಳ, ಎಲೆ ಮತ್ತು ದಂಟಿನ ಮೇಲೆ ಬಿಳಿ ಮೇಣ, ಕೋಶದಲ್ಲಿ ಲವಣ, ಸಕ್ಕರೆ ಕೂಡಿಟ್ಟು ಬಿಗಿ ಉಳಿಸಿಕೊಳ್ಳುವ ಶಕ್ತಿ.

ಇದೇ ಗುಣ ನಡುನಡುವೆ ಮಳೆ ಬರುವ ಮುಂಗಾರಿನಲ್ಲಿ ನಷ್ಟ ತರಬಹುದು, ಚಿಕ್ಕ ಎಲೆಯ ಗಿಡ ಮಳೆ ಬಂದಾಗ ಅಷ್ಟು ದುಡಿಯಲ್ಲ. ರಾಣೆಬೆನ್ನೂರಿಗೆ ಬೇಕಾದ ಬರದ ತಳಿ ಇಂಡಿಗೆ ಬೇಕಾದದ್ದಲ್ಲ.

ಎರೆಹೊಲದವ

ಖರೆ ಮಾತ್ರಿ. ಇನ್ನೊಂದ್ ಕೇಳತೀನಿ. ನಂದು ಎರಡ್ ಎಕರೆ ದ್ರಾಕ್ಷಿ ಐತಿ. ಈ ಎಬಿಎ ಔಷಧಿ ದ್ರಾಕ್ಷಿಗೆ ಹೊಡಿತಾರಂತ ಕೇಳೀನಿ. ಹೊಡದ್ರ ನೀರು ಉಳಿತೈತೇನ್ರಿ?

ಬಿತ್ತನೆ

ಅದನ್ನು ಹೊಡೆಯೋದು ಕೆಂಪು, ಕಪ್ಪು ದ್ರಾಕ್ಷಿಗೆ, ಬಣ್ಣ ಬರಿಸೋಕೆ. ನೀರು ಉಳಿಸೋಕೆ ಅಂತ ಹೊಡೆದರೆ ಬಿಸಿಲಿಗೆ ಬೇಗ ಕೆಟ್ಟುಹೋಗುತ್ತೆ, ಬೆಲೆಯೂ ದುಬಾರಿ. ಕಟ್ಲರ್ ತಂಡ 2019ರಲ್ಲಿ ಒಪಾಬ್ಯಾಕ್ಟಿನ್ ಅನ್ನೋ ಕೃತಕ ಅಣು ಮಾಡಿದೆ, ಎಬಿಎಗಿಂತ ಗ್ರಾಹಿಗೆ ಗಟ್ಟಿಯಾಗಿ ಕೂರುತ್ತೆ, ಹೆಚ್ಚು ಹೊತ್ತು ಉಳಿಯುತ್ತೆ. ಅದು ಪ್ರಯೋಗಾಲಯದ ಮಾತು.

ನಿಮಗೆ ಬೇಕಾದ ಎಬಿಎಯನ್ನು ಬಳ್ಳಿಯ ಕೈಲೇ ಮಾಡಿಸಬಹುದು. ಮೊದಲು ಹೇಳಿದ ಎರಡು ಕುಂಡದ ಪ್ರಯೋಗವನ್ನು 1990ರ ದಶಕದಲ್ಲಿ ಆಸ್ಟ್ರೇಲಿಯಾದವರು ದ್ರಾಕ್ಷಿ ತೋಟಕ್ಕೇ ತಂದರು. ಸಾಲಿನ ಎರಡೂ ಬದಿಗೆ ಡ್ರಿಪ್ ಲೈನ್. ಒಂದು ಬದಿಗೆ ಮಾತ್ರ ನೀರು, ಇನ್ನೊಂದು ಬದಿ ಒಣಗಲು ಬಿಡೋದು, ಆಮೇಲೆ ಬದಲಾಯಿಸೋದು. ಒಣಗಿದ ಬದಿಯ ಬೇರು ಸುದ್ದಿ ಕಳಿಸಿ ರಂಧ್ರ ಅರ್ಧ ಮುಚ್ಚಿಸುತ್ತೆ, ಹಸಿ ಇರುವ ಬದಿ ಬಳ್ಳಿಗೆ ನೀರು ಕೊಡುತ್ತೆ. ಎಲೆ ಸೊಕ್ಕಿ ಬೆಳೆಯೋದು ಕಡಿಮೆಯಾಯಿತು, ನೀರು ಗಣನೀಯವಾಗಿ ಉಳಿಯಿತು, ಹಣ್ಣಿನ ಇಳುವರಿ ಹೆಚ್ಚು ಕುಸಿಯಲಿಲ್ಲ.

ಎರೆ ಮಣ್ಣಿನಲ್ಲಿ ಒಂದು ತೊಡಕಿದೆ. ನೀರು ಅಡ್ಡಡ್ಡ ಹರಡುತ್ತೆ, ಒಣ ಬದಿ ಒಣಗೋಕೆ ಬಹಳ ಸಮಯ ಬೇಕು. ಮರಳು ಮಿಶ್ರಿತ ನೆಲದಲ್ಲಿ ಕೆಲಸ ಮಾಡಿದಷ್ಟು ಸಲೀಸಾಗಿ ಮಾಡಲ್ಲ.

ಎರೆಹೊಲದವ

ನಮ್ಮ ತ್ವಾಟದ ಒಂದ್ ಮೂಲಿ ಮಸಾರಿ ನೆಲ ಐತ್ರಿ. ಅಕ್ಟೋಬರ್ ಚಾಟ್ನಿ (ಬಳ್ಳಿ ಕತ್ತರಿಸೂದು) ಆದ ಮ್ಯಾಗ ಅಲ್ಲಿ ಎರಡ್ ಸಾಲಿಗೆ ಮಾಡಿ ನೋಡತೀನಿ. ನೀರು ಬಾಳ ಕಡಿಮಿ ಆಗೇತಿ ಅಂತ ಹೆಂಗ ಗೊತ್ತ ಹಿಡಿಬೇಕ್ರಿ?

ಬಿತ್ತನೆ

ಹೂ ಬಿಟ್ಟು ಕಾಯಿ ಕಚ್ಚುವವರೆಗೆ ಎರಡೂ ಬದಿ ನೀರು ಕೊಡಿ, ಆ ಹೊತ್ತಿನಲ್ಲಿ ಪ್ರಯೋಗ ಬೇಡ. ಆಮೇಲೆ ಎಲೆ ಬಾಡೋದನ್ನ ಕಾಯಬೇಡಿ, ಬಳ್ಳಿಯ ತುದಿ ನೋಡಿ. ನೀರು ಸಾಕಷ್ಟಿದ್ದರೆ ಎಳೆ ಕುಡಿಬಳ್ಳಿಗಳು ಚಿಗುರಿನ ತುದಿಯನ್ನು ದಾಟಿ ಮುಂದೆ ಚಾಚಿರುತ್ತವೆ. ಕೊರತೆ ಶುರುವಾದರೆ ಚಿಗುರು ನಿಧಾನವಾಗಿ, ಕುಡಿಬಳ್ಳಿ ತುದಿಗಿಂತ ಹಿಂದೆ ಬಿದ್ದು ಜೋಲುತ್ತೆ. ಅಷ್ಟು ಕಂಡರೆ ಬದಿ ಬದಲಾಯಿಸಿ. ಕುಡಿಬಳ್ಳಿ ಒಣಗಿ ಉದುರಿ, ಬುಡದ ಎಲೆ ಹಳದಿಯಾಗತೊಡಗಿದರೆ ಮಿತಿ ಮೀರಿದೆ, ಎರಡೂ ಬದಿ ನೀರು ಬಿಡಿ. ಪಕ್ಕದ ಎರಡು ಸಾಲಿಗೆ ಎಂದಿನಂತೆ ನೀರು ಕೊಟ್ಟು, ಕಟಾವಿನಲ್ಲಿ ನಾಲ್ಕೂ ಸಾಲಿನ ಹಣ್ಣು ಬೇರೆ ಬೇರೆ ತೂಗಿ ಇಲ್ಲಿ ಹಾಕಿ.